ಇಬ್ಬರು ಸೇರಿ ಸಿನಿಮಾ ಮಾಡುವವರಿಗೆ: ಕರಾರಿನಿಂದ ತೆರೆಯವರೆಗೆ

"ನಾನು ಬರೀತೀನಿ, ಅವನು ಡೈರೆಕ್ಟ್ ಮಾಡ್ತಾನೆ, ದುಡ್ಡು ಇಬ್ಬರೂ ಹಾಕ್ತಿದೀವಿ. ಅಗ್ರಿಮೆಂಟು ಗಿಗ್ರಿಮೆಂಟು ಎಲ್ಲಾ ಬೇಕಾ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬೇಕು. ಅದೂ ಕ್ಯಾಮೆರಾ ಬಾಡಿಗೆಗೆ ಅಡ್ವಾನ್ಸ್ ಕೊಡುವ ಮುಂಚೆ ಬೇಕು.

ಜೋಡಿಯಾಗಿ ಸಿನಿಮಾ ಮಾಡುವುದು ಕನ್ನಡಕ್ಕೆ ಹೊಸದೇನಲ್ಲ. ದೊರೈ–ಭಗವಾನ್ ಎಂಬ ಜೋಡಿಹೆಸರನ್ನು ಪ್ರೇಕ್ಷಕರು ಒಂದೇ ಹೆಸರಿನಂತೆ ಓದಿಕೊಂಡರು. 1971ರ 'ವಂಶವೃಕ್ಷ'ಕ್ಕೆ ಬಂದ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಹಂಚಿಕೊಂಡರು. ಆದರೆ ಆ ಚಿತ್ರಕ್ಕೆ ಜಿ.ವಿ. ಅಯ್ಯರ್ ಎಂಬ ನಿರ್ಮಾಪಕರಿದ್ದರು. ಇವತ್ತು ಸ್ವಂತವಾಗಿ ಹೊರಟ ಜೋಡಿಗೆ ನಿರ್ಮಾಪಕರೂ ತಾವೇ. ಕಥೆಯ ಜಗಳ, ದುಡ್ಡಿನ ಜಗಳ ಎರಡೂ ಅದೇ ಇಬ್ಬರ ನಡುವೆ ನಡೆಯಬೇಕು. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಬೇರೆ ಬೇರೆ ಇಡುವುದಕ್ಕಾಗಿ. ಉದಾಹರಣೆಗೆ 90 ನಿಮಿಷದ, 30 ಲಕ್ಷ ರೂಪಾಯಿಯ ಒಂದು ಕನ್ನಡ ಚಿತ್ರವನ್ನು ಇಟ್ಟುಕೊಂಡಿದ್ದೇವೆ.

1. ಯಾರ ಮಾತು ಎಲ್ಲಿ ಕೊನೆ?

ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆಯಿರಿ: ಕಥೆ, ಚಿತ್ರಕಥೆ, ಸಂಭಾಷಣೆ, ಪಾತ್ರವರ್ಗ, ಲೊಕೇಶನ್, ಶಾಟ್ ಡಿವಿಷನ್ (ದೃಶ್ಯವನ್ನು ಶಾಟುಗಳಾಗಿ ಒಡೆಯುವುದು), ನಟರ ಜೊತೆ ಮಾತು, ಸಂಕಲನ, ಸಂಗೀತ, ಬಜೆಟ್, ಉತ್ಸವಗಳ ಅರ್ಜಿ, ಮಾರಾಟ. ಪ್ರತಿಯೊಂದರ ಮುಂದೆ ಒಂದೇ ಹೆಸರು. ಚರ್ಚೆ ಇಬ್ಬರೂ ಮಾಡಬಹುದು, ಒಮ್ಮತ ಬರದಿದ್ದಾಗ ಆ ಹೆಸರಿನವರು ಹೇಳಿದಂತೆ ಆಗಬೇಕು. "ಎರಡೂ ಹೆಸರು ಹಾಕೋಣ" ಎಂದು ಯಾವ ಸಾಲಿನಲ್ಲಿ ಅನ್ನಿಸುತ್ತದೋ ಅಲ್ಲೇ ಮುಂದೆ ಜಗಳ ಇದೆ. ಅದನ್ನು ಈಗಲೇ ಆಡಿ ಮುಗಿಸಿ.

ಟೈಟಲ್ ಕಾರ್ಡಿನ ಕ್ರಮವೂ ಇದೇ ಹಾಳೆಯಲ್ಲಿರಲಿ. ನಿರ್ದೇಶನ ಇಬ್ಬರದ್ದಾದರೆ ಮೊದಲು ಯಾರ ಹೆಸರು, ಪೋಸ್ಟರಿನಲ್ಲಿ ಅಕ್ಷರದ ಗಾತ್ರ ಒಂದೇನಾ, ಪ್ರಶಸ್ತಿ ಬಂದರೆ ವೇದಿಕೆಗೆ ಯಾರು ಹೋಗಬೇಕು? ಈಗ ಸಣ್ಣತನ ಅನ್ನಿಸುವ ಈ ಪ್ರಶ್ನೆಗಳು ಪೋಸ್ಟರ್ ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ಸಣ್ಣದಾಗಿರುವುದಿಲ್ಲ.

2. ಸಂಸ್ಥೆ ಕಟ್ಟಿಕೊಳ್ಳಿ

ಎರಡು ದಾರಿ. ಮೊದಲನೆಯದು 1932ರ ಕಾಯ್ದೆಯಡಿ ಪಾಲುದಾರಿಕೆ ಸಂಸ್ಥೆ. ಖರ್ಚು ಕಮ್ಮಿ, ಕಾಗದಪತ್ರ ಕಮ್ಮಿ, ಆದರೆ ಸಂಸ್ಥೆಯ ಸಾಲ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ನೋಂದಣಿ ಕಡ್ಡಾಯವಲ್ಲ ಎಂದು ಕೆಲವರು ಬಿಟ್ಟುಬಿಡುತ್ತಾರೆ. ನೋಂದಣಿಯಾಗದ ಸಂಸ್ಥೆ ಒಪ್ಪಂದದ ಹಣ ವಸೂಲಿಗೆ ಕೋರ್ಟಿನಲ್ಲಿ ದಾವೆ ಹೂಡಲಾಗದು ಎಂಬುದು ವಿತರಕರು ಕೈಕೊಟ್ಟ ಮೇಲೆ ಗೊತ್ತಾಗುತ್ತದೆ.

ಎರಡನೆಯದು 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ನೀವು ಹಾಕಿದ ಬಂಡವಾಳಕ್ಕಷ್ಟೇ ನೀವು ಹೊಣೆ. ಬದಲಿಗೆ ಪ್ರತಿವರ್ಷ ಮೇ 30ರೊಳಗೆ ಫಾರಂ 11 (ವಾರ್ಷಿಕ ವಿವರ), ಅಕ್ಟೋಬರ್ 30ರೊಳಗೆ ಫಾರಂ 8 (ಲೆಕ್ಕಪತ್ರ) ಸಲ್ಲಿಸಬೇಕು. ಒಂದು ರೂಪಾಯಿ ವ್ಯವಹಾರ ನಡೆಯದ ವರ್ಷವೂ ಸಲ್ಲಿಸಬೇಕು. ಸಿನಿಮಾ ಮುಗಿದ ಮೇಲೆ ಮರೆತುಬಿಡುವುದೇ ಇದನ್ನು, ತಡವಾದಷ್ಟೂ ದಂಡ ಬೆಳೆಯುತ್ತದೆ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಕೂಡ ಬೇಕು. ಹೊರಗಿನವರ ದುಡ್ಡು ಹಾಕಿಸುತ್ತೀರಾದರೆ ಎಲ್‌ಎಲ್‌ಪಿಯೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಎರಡರಲ್ಲೂ ಒಂದು ಗುಂಡಿ ಇದೆ. ಲಾಭದ ಪಾಲು ಬರೆಯದಿದ್ದರೆ ಕಾನೂನು ಅದನ್ನು ಸಮಪಾಲು ಎಂದು ಹಿಡಿಯುತ್ತದೆ. ಒಬ್ಬರು 6 ಲಕ್ಷ ಹಾಕಿ ಇನ್ನೊಬ್ಬರು 2 ಲಕ್ಷ ಹಾಕಿದ್ದರೂ ಸಮಪಾಲೇ. ಅದೇ ನಿಮಗೆ ಬೇಕಿರಲೂಬಹುದು, ಆಗಲೂ ಬರೆದಿಡಿ.

ಸಂಸ್ಥೆಯ ಪ್ಯಾನ್ ಕಾರ್ಡ್, ಕರೆಂಟ್ ಅಕೌಂಟ್, ನಿಗದಿತ ಮೊತ್ತಕ್ಕಿಂತ ಮೇಲಿನ ಪಾವತಿಗೆ ಇಬ್ಬರ ಸಹಿ: ಇವು ಮೊದಲ ವಾರದ ಕೆಲಸ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಿನಿಮಾ ಒಂದೇ ಏಟಿಗೆ ಮಾರಾಟವಾದರೆ ಒಂದೇ ಬಿಲ್ಲಿನಲ್ಲಿ ಆ ಗಡಿ ದಾಟುತ್ತದೆ. ಛಾಯಾಗ್ರಾಹಕರು, ಸಂಕಲನಕಾರರಂಥ ವೃತ್ತಿಪರರಿಗೆ ಕೊಡುವ ಹಣದಲ್ಲಿ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವ ವಿಷಯವನ್ನು ಮಾತುಕತೆಯ ದಿನವೇ ಹೇಳಿ. "ಕೈಗೆ ಎರಡು ಲಕ್ಷ" ಎಂದು ಅವರು, "ಒಟ್ಟು ಎರಡು ಲಕ್ಷ" ಎಂದು ನೀವು ತಿಳಿದುಕೊಂಡಿರುವುದು ಮಾಮೂಲು.

3. ಹಕ್ಕಿನ ಕಾಗದಗಳು

ಈ ಹಂತವನ್ನು ನಿಧಾನವಾಗಿ ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕರಲ್ಲ, ಛಾಯಾಗ್ರಾಹಕರಲ್ಲ. ಚಿತ್ರ ತಯಾರಿಸಲು ಮುಂದಾಗಿ ಅದರ ಹೊಣೆ ಹೊತ್ತವರೇ ನಿರ್ಮಾಪಕರು. ಹಾಗಾಗಿ ಸೆನ್ಸಾರ್ ಅರ್ಜಿ, ಶೀರ್ಷಿಕೆ ನೋಂದಣಿ, ಲ್ಯಾಬ್ ಬಿಲ್ಲು ಎಲ್ಲವೂ ಸಂಸ್ಥೆಯ ಹೆಸರಿನಲ್ಲೇ ಇರಬೇಕು. "ಈಗ ನನ್ನ ಹೆಸರಲ್ಲಿ ಹಾಕೋಣ, ಆಮೇಲೆ ಬದಲಾಯಿಸಿದರಾಯ್ತು" ಎಂದು ಒಬ್ಬರ ಹೆಸರಿನಲ್ಲಿ ಅರ್ಜಿ ಹೋದರೆ ಕಾಗದದ ಮೇಲೆ ಆ ಒಬ್ಬರೇ ಮಾಲೀಕರು.

ಚಿತ್ರಕಥೆಯ ಕಥೆ ಬೇರೆ. ಅದು ಸಾಹಿತ್ಯ ಕೃತಿ, ಬರೆದವರದ್ದು. ಇಬ್ಬರೂ ಬೆರೆತು ಬರೆದಿದ್ದರೆ ಜಂಟಿ ಕೃತಿ, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಅದನ್ನು ಮಾರುವಂತಿಲ್ಲ. ಸಂಸ್ಥೆ ನಿಮ್ಮದೇ ಆಗಿದ್ದರೂ ಲೇಖಕರಾದ ನೀವು ಸಂಸ್ಥೆಗೆ ಲಿಖಿತವಾಗಿ ಹಕ್ಕು ವಹಿಸಿಕೊಡಬೇಕು. ಆ ಪತ್ರದಲ್ಲಿ ಮೂರು ವಿಷಯ ಬಿಟ್ಟುಹೋದರೆ ಕಾಯ್ದೆಯೇ ತುಂಬಿಕೊಳ್ಳುತ್ತದೆ, ಅದೂ ನಿಮಗೆ ಒಗ್ಗದಂತೆ. ಅವಧಿ ಬರೆಯದಿದ್ದರೆ 5 ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬೇರೆ ಮಾತು ಬರೆದಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದಾಗ ಅದು ಬಿದ್ದುಹೋಗುತ್ತದೆ. ಸ್ವತಂತ್ರ ಸಿನಿಮಾಕ್ಕೆ ದುಡ್ಡು ಹೊಂದಿಸಲೇ ಎರಡು ವರ್ಷ ಹಿಡಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಹೀಗೆ ಬರೆಯಿರಿ:

"ಲೇಖಕರು ಈ ಚಿತ್ರಕಥೆಯಿಂದ ಒಂದು ಕನ್ನಡ ಕಥಾಚಿತ್ರ ತಯಾರಿಸುವ, ಅದನ್ನು ಚಿತ್ರಮಂದಿರ, ಟಿವಿ, ಓಟಿಟಿ ಹಾಗೂ ಉತ್ಸವಗಳಲ್ಲಿ ಪ್ರದರ್ಶಿಸುವ ಹಕ್ಕನ್ನು ಪ್ರಪಂಚದಾದ್ಯಂತ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ ಸಂಸ್ಥೆಗೆ ವಹಿಸಿಕೊಟ್ಟಿದ್ದಾರೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ಹಕ್ಕು ಸಹಿಯ ದಿನದಿಂದ 3 ವರ್ಷ ಊರ್ಜಿತವಾಗಿರುತ್ತದೆ. ಅಷ್ಟರಲ್ಲಿ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ. ರೀಮೇಕ್, ಮುಂದಿನ ಭಾಗ, ನಾಟಕ ಮತ್ತು ಪುಸ್ತಕದ ಹಕ್ಕು ಲೇಖಕರಲ್ಲೇ ಉಳಿದಿದೆ."

ಕೊನೆಯ ವಾಕ್ಯವನ್ನು ಜೋಡಿ ಕೂತು ತೀರ್ಮಾನಿಸಬೇಕು, ರೀಮೇಕ್ ಹಣ ಕೆಲವೊಮ್ಮೆ ಮೂಲ ಚಿತ್ರದ ಗಳಿಕೆಯನ್ನೇ ಮೀರುತ್ತದೆ. ಎಂಥ ಒಪ್ಪಂದ ಮಾಡಿಕೊಂಡರೂ ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಧನದ ಸಮಪಾಲನ್ನು ಲೇಖಕರು ಮತ್ತು ಸಂಗೀತ ಸಂಯೋಜಕರು ಬಿಟ್ಟುಕೊಡುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ವಕೀಲರ ಹಳೇ ನಮೂನೆಯಲ್ಲಿ ಈ ಅಂಶ ಇಲ್ಲದಿರಬಹುದು, ನೋಡಿಕೊಳ್ಳಿ.

ಕಥೆ ಕಾದಂಬರಿಯದ್ದಾದರೆ ಲೇಖಕರಿಂದ, ಅವರಿಲ್ಲದಿದ್ದರೆ ಎಲ್ಲ ವಾರಸುದಾರರಿಂದ ಬರಹದಲ್ಲಿ ಅನುಮತಿ ಬೇಕು. ಹಕ್ಕು ಲೇಖಕರ ನಿಧನದ ನಂತರವೂ 60 ವರ್ಷ ಇರುತ್ತದೆ. ಒಬ್ಬ ಮಗನ ಸಹಿ ಪಡೆದು ವಿದೇಶದಲ್ಲಿರುವ ಮಗಳನ್ನು ಮರೆತರೆ ಓಟಿಟಿಯವರ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ಚಿತ್ರಕಥೆಯನ್ನು ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಲು ಶುಲ್ಕ 500 ರೂಪಾಯಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಕಡ್ಡಾಯವಲ್ಲ, ಆದರೆ 500 ರೂಪಾಯಿಗೆ ಇಷ್ಟು ಗಟ್ಟಿ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ. ನಟರು, ತಂತ್ರಜ್ಞರು, ಒಂದೇ ದೃಶ್ಯದಲ್ಲಿ ಸೋಬಾನೆ ಹಾಡಿದ ಅಜ್ಜಿ, ಮನೆ ಕೊಟ್ಟ ಯಜಮಾನರು, ಎಲ್ಲರಿಂದಲೂ ಒಪ್ಪಿಗೆ ಪತ್ರ ಅದೇ ದಿನ ತೆಗೆದುಕೊಳ್ಳಿ. ಆಮೇಲೆ ಹೋದರೆ ಅಜ್ಜಿ ಸಿಗುತ್ತಾರೆ, ಅವರ ಮೊಮ್ಮಗ ಬೆಲೆ ಹೇಳುತ್ತಾನೆ.

4. ಬಂದ ದುಡ್ಡಿನ ಸರದಿ

"ಲಾಭ ಬಂದರೆ ಫಿಫ್ಟಿ ಫಿಫ್ಟಿ" ಎಂಬ ಮಾತಿಗೆ ಅರ್ಥವಿಲ್ಲ. ಲಾಭ ಎಂದರೆ ಯಾರ್ಯಾರಿಗೆ ಕೊಟ್ಟ ಮೇಲೆ ಉಳಿದದ್ದು? ನಮ್ಮ 30 ಲಕ್ಷದ ಚಿತ್ರದಲ್ಲಿ ನಗದು 24 ಲಕ್ಷ: ಒಬ್ಬರು 6, ಇನ್ನೊಬ್ಬರು 2, ಬಂಧು ಮಿತ್ರರು 16. ಉಳಿದ 6 ಲಕ್ಷ "ಆಮೇಲೆ ಕೊಡುತ್ತೇವೆ" ಎಂದ ಸಂಭಾವನೆ, ಅದರಲ್ಲಿ ತಂತ್ರಜ್ಞರದ್ದು 3, ನಿಮ್ಮಿಬ್ಬರದ್ದು 3. ತೆರಿಗೆ ಬಿಟ್ಟು 32 ಲಕ್ಷಕ್ಕೆ ಚಿತ್ರ ಮಾರಾಟವಾಯಿತು ಅನ್ನಿ. ಮಧ್ಯವರ್ತಿಯ ಕಮಿಷನ್ ಶೇ 15, ಅಂದರೆ 4.8 ಲಕ್ಷ ಹೋಯಿತು. ಸಬ್‌ಟೈಟಲ್, ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) ಮುಂತಾದ ಡೆಲಿವರಿ ಖರ್ಚು 1.2 ಲಕ್ಷ. ಉಳಿದದ್ದು 26. ನಗದು ಹಾಕಿದವರಿಗೆ 24 ಕೊಟ್ಟರೆ 2 ಲಕ್ಷ ಉಳಿಯಿತು. ತಂತ್ರಜ್ಞರಿಗೆ 3 ಲಕ್ಷದ ಬಾಕಿ ಇದೆ, ಒಬ್ಬೊಬ್ಬರಿಗೂ ಮೂರರಲ್ಲಿ ಎರಡು ಪಾಲು ಸಿಗುತ್ತದೆ. ನಿಮ್ಮ ಸಂಭಾವನೆ ಸೊನ್ನೆ.

30 ಲಕ್ಷದ ಚಿತ್ರ 32ಕ್ಕೆ ಹೋಯಿತು ಎಂದು ಊರೆಲ್ಲ ಮಾತಾಡುವಾಗ ನಿಮ್ಮ ಕೈ ಖಾಲಿ. ಇಲ್ಲಿ ಸರದಿ ಬದಲಿಸಿ ತಂತ್ರಜ್ಞರನ್ನು ಮುಂದೆ ಹಾಕಿದರೆ ಅವರಿಗೆ ಪೂರ್ತಿ 3 ಲಕ್ಷ, ಬಂಡವಾಳ ಹಾಕಿದವರಿಗೆ 24ರ ಬದಲು 23. ನಾವು ಇದನ್ನೇ ಹೇಳುತ್ತೇವೆ, ಎರಡನೇ ಸಿನಿಮಾಕ್ಕೆ ಅದೇ ಛಾಯಾಗ್ರಾಹಕರು ಬೇಕಲ್ಲ. ಯಾವ ಸರದಿಯಾದರೂ ಸರಿ, ದುಡ್ಡು ಹಾಕುವವರಿಗೆ ಈ ಲೆಕ್ಕವನ್ನು ತೋರಿಸಿ ಸಹಿ ಪಡೆಯಿರಿ. ಬರವಣಿಗೆಗೆ ಕೂತ ತಿಂಗಳುಗಳಿಗೂ ಒಂದು ಬೆಲೆ ಕಟ್ಟಿ ಬಾಕಿ ಸಂಭಾವನೆಯ ಸಾಲಿನಲ್ಲಿ ತೋರಿಸಿ, ಇಲ್ಲವಾದರೆ ದುಡ್ಡು ಹಾಕಿದವರ ಮುಂದೆ ದುಡಿದವರು ಯಾವಾಗಲೂ ಕೆಳಗೆ.

ಸಾರ್ವಜನಿಕರಿಂದ ಸಣ್ಣ ಮೊತ್ತ ಕೂಡಿಸುವವರಿಗೆ ಒಂದು ಎಚ್ಚರಿಕೆ. "ಇಷ್ಟು ಹಾಕಿ, ಇಷ್ಟು ಲಾಭ ಕೊಡುತ್ತೇವೆ" ಎಂದು ಜಾಲತಾಣದಲ್ಲಿ ಬರೆದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳೂ ತಗಲಿಕೊಳ್ಳಬಹುದು. ಸಿಎ ಅವರನ್ನು ಕೇಳದೆ ಲಾಭದ ಮಾತೆತ್ತಬೇಡಿ.

ಬಜೆಟಿನಲ್ಲಿ ಮೂರನೇ ಒಂದು ಭಾಗವನ್ನು ಚಿತ್ರೀಕರಣದ ನಂತರದ ಕೆಲಸಕ್ಕೆ ಬೇರೆ ಖಾತೆಯಲ್ಲಿ ಇಡಿ. ಶೇ 10 ಆಪತ್ತಿಗೆ. ಶೂಟಿಂಗಿನಲ್ಲೇ ಎಲ್ಲ ಸುರಿದು, ಎಡಿಟ್ ಆದ ಚಿತ್ರ ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆ ಕೂತಿರುವುದು ಈ ರಂಗದ ಅತಿ ಸಾಮಾನ್ಯ ಕಾಯಿಲೆ.

5. ಸೆಟ್ಟಿನಲ್ಲಿ

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ. 90 ಪುಟವನ್ನು ದಿನಕ್ಕೆ ನಾಲ್ಕೂವರೆಯಂತೆ ಹಿಡಿದರೆ 20 ದಿನ. ರಾತ್ರಿ ದೃಶ್ಯ, ಮಕ್ಕಳು, ಜಾತ್ರೆ ಇದ್ದ ದಿನ ಎರಡೂವರೆ ಪುಟ ಆದರೆ ಹೆಚ್ಚು.

ನಟರ ಜೊತೆ ಮಾತಾಡುವವರು ಒಬ್ಬರೇ. ಟೇಕ್ ಮುಗಿಯಿತು, ಮಾನಿಟರ್ ಹಿಂದಿನಿಂದ ಒಬ್ಬರು "ಸೂಪರ್" ಎಂದರು. ಅಷ್ಟರಲ್ಲಿ ಇನ್ನೊಬ್ಬರು ನಟಿಯ ಹತ್ತಿರ ಹೋಗಿ "ಮೇಡಂ, ಇನ್ನೊಂದ್ ಸಲ, ಅಳು ಸ್ವಲ್ಪ ಕಮ್ಮಿ ಮಾಡೋಣ" ಎಂದರು. ನಟಿ ಇಬ್ಬರ ಮುಖ ನೋಡುತ್ತಾರೆ. ಮುಂದಿನ ಟೇಕಿನಲ್ಲಿ ಅವರು ಪಾತ್ರದೊಳಗಿರುವುದಿಲ್ಲ, ನಿಮ್ಮಿಬ್ಬರಲ್ಲಿ ಯಾರನ್ನು ಮೆಚ್ಚಿಸಬೇಕು ಎಂಬ ಲೆಕ್ಕದಲ್ಲಿರುತ್ತಾರೆ. ಅಸೋಸಿಯೇಟ್, ಲೈಟ್‌ಬಾಯ್, ಊಟದವರು, ಎಲ್ಲರಿಗೂ ಅದು ಕಾಣಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಯೂನಿಟ್ ಎರಡು ಪಕ್ಷ. ಅದಕ್ಕೇ ಪ್ರತಿ ಟೇಕ್ ನಂತರ "ಸರಿ" ಅನ್ನುವ ಮುಂಚೆ ಇಬ್ಬರೂ ಮಾನಿಟರ್ ಹಿಂದೆ ಅರ್ಧ ನಿಮಿಷ ಮಾತಾಡಿ, ನಂತರ ಒಬ್ಬರೇ ಎದ್ದು ಹೋಗಿ. ಭಿನ್ನಾಭಿಪ್ರಾಯ ಗಟ್ಟಿಯಾಗಿದ್ದರೆ ಎರಡು ರೀತಿಯಲ್ಲೂ ಒಂದೊಂದು ಟೇಕ್ ತೆಗೆದು ಸಂಕಲನಕ್ಕೆ ಬಿಡಿ. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಈ ಉಪಾಯ ಬಳಸಿದರೆ ಶೆಡ್ಯೂಲ್ ಕೈಬಿಡುತ್ತದೆ.

ಸಿಂಕ್ ಸೌಂಡ್, ಅಂದರೆ ಸ್ಥಳದಲ್ಲೇ ಸಂಭಾಷಣೆಯ ಮುದ್ರಣ, ಮಾಡುವುದಾದರೆ ಪ್ರತಿ ಲೊಕೇಶನ್ನಿನಲ್ಲಿ ಯಾರೂ ಅಲ್ಲಾಡದೆ ಒಂದು ನಿಮಿಷ ಬರೀ ಜಾಗದ ಸದ್ದು ಹಿಡಿಯಿರಿ. ಹಳ್ಳಿ ನಿಶ್ಶಬ್ದ ಎನ್ನುವವರು ಪಂಪ್‌ಸೆಟ್ಟಿನ ಪಕ್ಕ ಮೈಕ್ ಇಟ್ಟು ನೋಡಿಲ್ಲ.

6. ಹಾರ್ಡ್ ಡಿಸ್ಕ್ ಲೆಕ್ಕ

ಪ್ರೊರೆಸ್ 422 ಎಚ್‌ಕ್ಯೂ ಎಂಬ ಫಾರ್ಮ್ಯಾಟಿನಲ್ಲಿ 3840×2160 ಅಳತೆ, ಸೆಕೆಂಡಿಗೆ 24 ಫ್ರೇಮ್‌ನಂತೆ ಚಿತ್ರೀಕರಿಸಿದರೆ ಗಂಟೆಗೆ 318 ಜಿಬಿ. ದಿನಕ್ಕೆ ಒಂದೂವರೆ ಗಂಟೆ, 20 ದಿನಕ್ಕೆ 30 ಗಂಟೆ, ಅಂದರೆ ಸುಮಾರು 9.5 ಟಿಬಿ. ಮೂರು ಪ್ರತಿ ಬೇಕು, ಒಟ್ಟು 29 ಟಿಬಿ ಹತ್ತಿರ. ಎರಡು ಪ್ರತಿ ಇಬ್ಬರು ಪಾಲುದಾರರ ಮನೆಯಲ್ಲಿ, ಒಂದು ಎಡಿಟಿಂಗ್ ರೂಮಿನಲ್ಲಿ. ಮೂರನ್ನೂ ಒಂದೇ ಕಾರಿನಲ್ಲಿ ಸಾಗಿಸಬೇಡಿ. ನಕಲು ಮಾಡುವಾಗ ಚೆಕ್‌ಸಮ್ ಹಾಕುವ ತಂತ್ರಾಂಶ ಬಳಸಿ, ಅದು ಮೂಲಕ್ಕೂ ನಕಲಿಗೂ ಒಂದೊಂದು ಅಂಕಿ ತೆಗೆದು ಹೊಂದಿಸಿ ನೋಡುತ್ತದೆ. ಆ ಅಂಕಿ ಹೊಂದುವವರೆಗೆ ಕಾರ್ಡ್ ಅಳಿಸುವಂತಿಲ್ಲ.

ಫ್ರೇಮ್ ಲೆಕ್ಕ ಮೊದಲ ದಿನವೇ ನೋಡಿ. ಥಿಯೇಟರಿನ ರೂಢಿ 24. ಗಮನಿಸದೆ 25ರಲ್ಲಿ ತೆಗೆದ 90 ನಿಮಿಷದ ಚಿತ್ರವನ್ನು 24ಕ್ಕೆ ಇಳಿಸಿದರೆ 93 ನಿಮಿಷ 45 ಸೆಕೆಂಡ್ ಆಗುತ್ತದೆ, ದನಿಯೂ ಇಳಿಯುತ್ತದೆ.

7. ಸಂಕಲನ

ಚಿತ್ರಕಥೆ ಬರೆದವರು ಮೊದಲ ಕಟ್ ಆಗುವವರೆಗೆ ಎಡಿಟಿಂಗ್ ರೂಮಿಗೆ ಹೋಗದಿರುವುದು ಲೇಸು. ಜೋಡಿಯಲ್ಲಿ ಒಂದು ಜೊತೆ ಕಣ್ಣಾದರೂ ತಾಜಾ ಇರಲಿ. ನೋಡಿದ ಮೇಲೆ ಟಿಪ್ಪಣಿ ಬರಹದಲ್ಲಿ, ಟೈಮ್‌ಕೋಡ್ ಸಮೇತ, ಹೆಚ್ಚೆಂದರೆ ಏಳು ಅಂಶ. "41ನೇ ನಿಮಿಷದಲ್ಲಿ ಅಣ್ಣ ಯಾಕೆ ಊರು ಬಿಟ್ಟ ಅನ್ನೋದು ಗೊತ್ತಾಗಲಿಲ್ಲ" ಎಂಬುದು ಕೆಲಸಕ್ಕೆ ಬರುವ ಟಿಪ್ಪಣಿ. "ಅಲ್ಲಿ ಕ್ಲೋಸಪ್ ಹಾಕಿ" ಎಂಬುದು ಸಂಕಲನಕಾರರ ಕೆಲಸ ಕಸಿಯುವುದು.

8. ಶೀರ್ಷಿಕೆ, ಸೆನ್ಸಾರ್, ಸಹಾಯಧನ

ಬ್ಯಾನರ್ ಮತ್ತು ಶೀರ್ಷಿಕೆಯ ನೋಂದಣಿ ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ. ಪೋಸ್ಟರ್ ಬಿಡುವ ಮುಂಚೆ ಮುಗಿಸಿ.

ಥಿಯೇಟರಿಗೆ ಬರುವ ಚಿತ್ರಕ್ಕೆ ಸೆನ್ಸಾರ್ ಪತ್ರ ಕಡ್ಡಾಯ. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್. 2023ರ ತಿದ್ದುಪಡಿಯ ನಂತರ ಯು/ಎ ವರ್ಗ (ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) 7+, 13+, 16+ ಎಂದು ಒಡೆದಿದೆ. ಸಣ್ಣ ಚಿತ್ರಗಳು ಸಿಕ್ಕಿಬೀಳುವುದು ಎರಡು ಕಡೆ. ಒಂದು, ಪ್ರಾಣಿಗಳು. ಎತ್ತು, ಕೋಳಿ, ನಾಯಿಯನ್ನು ದೃಶ್ಯಕ್ಕೆ ಬಳಸುವುದಾದರೆ ಚಿತ್ರೀಕರಣಕ್ಕೆ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಮುಗಿದ ಮೇಲೆ ನಿರಾಕ್ಷೇಪಣಾ ಪತ್ರ ಬೇಕು. ಎರಡು, ಬೀಡಿ. ಪಾತ್ರ ಒಂದು ದಮ್ಮು ಎಳೆದರೂ ಚಿತ್ರದ ಆರಂಭ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಆರೋಗ್ಯ ತುಣುಕುಗಳು, 20 ಸೆಕೆಂಡಿನ ದೃಶ್ಯ-ಶ್ರವ್ಯ ಎಚ್ಚರಿಕೆ, ಆ ದೃಶ್ಯ ಇರುವಷ್ಟು ಹೊತ್ತು ತೆರೆಯ ಕೆಳಗೆ ಬರಹ. ಆ ಬೀಡಿ ಇಲ್ಲದೆ ಪಾತ್ರ ನಿಲ್ಲುವುದೇ ಎಂದು ಬರೆಯುವಾಗಲೇ ಕೇಳಿಕೊಳ್ಳಿ.

ತಾರೀಕಿನ ಲೆಕ್ಕ ಮುಖ್ಯ. ರಾಷ್ಟ್ರಪ್ರಶಸ್ತಿಗೆ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಆದ ಚಿತ್ರಗಳು ಆಯಾ ವರ್ಷದ ಸ್ಪರ್ಧೆಗೆ. ರಾಜ್ಯದ ಸಹಾಯಧನಕ್ಕೂ ವಾರ್ತಾ ಇಲಾಖೆ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲೇ ಅರ್ಜಿ ಕರೆಯುತ್ತದೆ. ಷರತ್ತುಗಳಿಗೆ ಹಳೇ ಪ್ರಕಟಣೆ ನಂಬಬೇಡಿ, ಆಯಾ ವರ್ಷದ್ದನ್ನೇ ಓದಿ.

9. ಉತ್ಸವ ಮತ್ತು ಡಿಸಿಪಿ

ದೊಡ್ಡ ಅಂತರರಾಷ್ಟ್ರೀಯ ಉತ್ಸವಗಳ ಸ್ಪರ್ಧಾ ವಿಭಾಗಕ್ಕೆ ಸಾಮಾನ್ಯವಾಗಿ ಜಾಗತಿಕ ಅಥವಾ ಅಂತರರಾಷ್ಟ್ರೀಯ ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು. ಗೆಳೆಯರ ಒತ್ತಾಯಕ್ಕೆ ಸಣ್ಣ ಉತ್ಸವವೊಂದರಲ್ಲಿ ತೋರಿಸಿದರೆ ಆ ಬಾಗಿಲು ಮುಚ್ಚಬಹುದು. ಹಾಗಾಗಿ ಅರ್ಜಿ ಹಾಕುವವರು ಒಬ್ಬರೇ ಇರಲಿ, ಇನ್ನೊಬ್ಬರು ಯಾರಿಗೂ ಲಿಂಕ್ ಕಳಿಸಬಾರದು. ಚಿತ್ರ ಇನ್ನೂ ಒರಟು ಕಟ್‌ನಲ್ಲಿದ್ದರೆ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದ ಜೊತೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿ ನಡೆಸುವ ವೇವ್ಸ್ ಫಿಲ್ಮ್ ಬಜಾರ್‌ನ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್ ನೋಡಿ.

ಡಿಸಿಪಿ ಎಂದರೆ ಡಿಜಿಟಲ್ ಥಿಯೇಟರಿಗೆ ಕೊಡುವ ಫೈಲುಗಳ ಕಟ್ಟು. 2ಕೆ ಅಳತೆಯಲ್ಲಿ ಸಾಮಾನ್ಯ ಅಗಲದ ಫ್ಲಾಟ್ ಆದರೆ 1998×1080, ಇನ್ನೂ ಅಗಲದ ಸ್ಕೋಪ್ ಆದರೆ 2048×858. ಬೀಗ ಹಾಕಿದ ಡಿಸಿಪಿಗೆ ಕೆಡಿಎಂ ಎಂಬ ಕೀಲಿ ಫೈಲು ಬೇಕು. ಅದು ಒಂದೊಂದು ಥಿಯೇಟರಿನ ಒಂದೊಂದು ಸರ್ವರಿಗೆ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಎಂದು ತಯಾರಾಗುತ್ತದೆ. ವಿದೇಶಿ ಉತ್ಸವಕ್ಕೆ ಭಾರತದ ಗಂಟೆ ಹಾಕಿ ಕಳಿಸಿದರೆ ಪ್ರದರ್ಶನದ ಹೊತ್ತಿಗೆ ತೆರೆ ಕಪ್ಪಾಗಿಯೇ ಇರುತ್ತದೆ. ಒಂದು ದಿನ ಮುಂಚಿನಿಂದ ಒಂದು ದಿನ ನಂತರದವರೆಗೆ ಅವಧಿ ಕೇಳಿ. ಕೀಲಿ ತಯಾರಿಸುವ ಅಧಿಕಾರ ಲ್ಯಾಬಿನಲ್ಲಿ ಯಾರ ಇಮೇಲಿಗೆ ಜೋಡಿಸಿದೆ ಎಂಬುದನ್ನೂ ಇಬ್ಬರೂ ತಿಳಿದಿರಬೇಕು.

10. ಎರಡನೇ ಸಿನಿಮಾ, ಅಥವಾ ಬೇರೆ ದಾರಿ

ಮೊದಲ ಚಿತ್ರದ ನಂತರ ಒಬ್ಬರಿಗೆ ಹೊರಗಿನ ಕರೆ ಬರುತ್ತದೆ. ಸಾಮಾನ್ಯವಾಗಿ ಅದು ನಿರ್ದೇಶಕರಿಗೇ ಬರುತ್ತದೆ. ಕರಾರಿನಲ್ಲಿ "ಇಬ್ಬರೂ ಬೇರೆಯವರ ಜೊತೆ ಕೆಲಸ ಮಾಡಬಹುದು, ಜಂಟಿ ಕಥೆಗಳನ್ನು ಒಯ್ಯುವಂತಿಲ್ಲ" ಎಂದಿರಲಿ. ಅದಕ್ಕೆ ಜಂಟಿ ಕಥೆ ಯಾವುದು ಎಂದು ಗೊತ್ತಿರಬೇಕಲ್ಲ. ಆರು ತಿಂಗಳಿಗೊಮ್ಮೆ ಒಂದು ಪಟ್ಟಿ ಮಾಡಿ: ಕಥೆಯ ಹೆಸರು, ಎರಡು ಸಾಲಿನ ಸಾರಾಂಶ, ಮೊದಲು ಹೇಳಿದವರು, ಜಂಟಿಯೋ ಸ್ವಂತದ್ದೋ. ಇಬ್ಬರೂ ಸಹಿ ಹಾಕಿ. ಅಗಲುವಾಗ ಸ್ವಂತದ್ದು ಅವರವರಿಗೆ, ಜಂಟಿಯದ್ದನ್ನು ಒಬ್ಬರು ಬರಹದಲ್ಲಿ ಬೆಲೆ ಕೊಟ್ಟು ಕೊಳ್ಳಬಹುದು. 12 ತಿಂಗಳಲ್ಲಿ ತೀರ್ಮಾನ ಆಗದಿದ್ದರೆ ಯಾರು ಮೊದಲು ಆರಿಸಬೇಕು ಎಂದೂ ಬರೆಯಿರಿ, ಚೀಟಿ ಎತ್ತುವುದಾದರೂ ಅಡ್ಡಿಯಿಲ್ಲ.

ಅವಧಿ ಹೇಳದ ಸಾಮಾನ್ಯ ಪಾಲುದಾರಿಕೆಯನ್ನು ಒಬ್ಬರು ನೋಟಿಸ್ ಕೊಟ್ಟು ಮುರಿಯಬಹುದು. ಬಿಡುಗಡೆಗೆ ಮುಂಚಿನ ವಾರ ಹಾಗಾಗದಂತೆ "ಈ ಚಿತ್ರ ತಯಾರಾಗಿ ಬಿಡುಗಡೆಯಾಗಿ ಮೂರು ವರ್ಷ ಆಗುವವರೆಗೆ" ಎಂದು ಅವಧಿ ನಮೂದಿಸಿ. ಒಬ್ಬರು ತೀರಿಕೊಂಡರೆ ಅವರ ಪಾಲಿನ ಹಣ ಯಾರಿಗೆ, ಸಹಿ ಮಾಡುವ ಅಧಿಕಾರ ಯಾರಿಗೆ ಎಂಬುದು ಬೇರೆ ಬೇರೆ ಸಾಲಾಗಿರಲಿ. ಉತ್ಸವಗಳ ಅರ್ಜಿ ಖಾತೆ, ಡ್ರೈವ್, ಸಂಸ್ಥೆಯ ಇಮೇಲು, ಡೊಮೇನ್, ಸೆನ್ಸಾರ್ ಲಾಗಿನ್, ಇವುಗಳ ಪಾಸ್‌ವರ್ಡ್ ಒಬ್ಬರ ಫೋನಿನ ಓಟಿಪಿಗೆ ಕಟ್ಟಿಹಾಕಿದಂತಿದ್ದರೆ ಇವತ್ತೇ ಬದಲಾಯಿಸಿ. ಸಂಸ್ಥೆಯ ಹೆಸರಿನಲ್ಲೊಂದು ಸಿಮ್ ತೆಗೆದು, ಅದನ್ನು ಹಾಕಿದ ಹಳೇ ಫೋನನ್ನು ಆಫೀಸಿನ ಡ್ರಾಯರಿನಲ್ಲಿಡಿ. ತಿಂಗಳಿಗೊಮ್ಮೆ ಚಾರ್ಜ್, ಮೂರು ತಿಂಗಳಿಗೊಮ್ಮೆ ರೀಚಾರ್ಜ್. ಈ ಕೆಲಸದ ಮುಂದೂ ಒಂದೇ ಹೆಸರು ಬರೆಯಿರಿ.